ಶಬ್ದದ ಬೀಗರು

ಇಂಡಿ
೧೮-೫-೨೦೨೫, ರವಿವಾರ

ನನ್ನ ಜೀವದ ಮಗಳು ಇರಮಳಿಗೆ,

ನಿಮ್ಮ ಅಬ್ಬಾನ ಸಲಾಮು, ಹೊಟ್ಟಿತುಂಬ ದುವಾ. ಇಲ್ಲಿ ನಾವೆಲ್ಲಾ ಆರಾಮ ಅದೀವಿ. ನೀನೂ ಮುದ್ದೇಬಿಹಾಳದಾಗ ಹೊತ್ತಿಗೆ ಸರಿಯಾಗಿ ಉಣ್ಣಾಕತ್ತಿ ಅಂತ ಬರೀಬೇಕಂದ್ನಿ, ಆದ್ರ ಸುಳ್ಳು ಯಾಕ ಬರೀಲಿ? ಆಸ್ಪತ್ರಿ ಡ್ಯೂಟಿ ಮುಗಿಸಿ ಬಂದು, ಚಾದಾಗ ಬಿಸ್ಕೀಟ ಅದ್ದಿ ತಿಂದು, ಹಂಗ ಪುಸ್ತಕ ಹಿಡಕೊಂಡು ಕೂಡ್ತಿ ಅನ್ನೂದು ನನಗ ಗೊತ್ತೈತಿ.

ನಿನ್ನ ಇಂಗ್ಲಿಷ್ ಶಬ್ದದ ಕಾರ್ಡು ಕಳಸೂದು ತಡ ಆತು, ಸಿಟ್ಟಾಗಬ್ಯಾಡ. ಲಗ್ನದ ಸೀಜನ್ನು ನೋಡು. ದಿನಾ ಎರಡು ಮೂರು ಮನಿಯವರ ಪತ್ರಿಕಿ ಛಾಪಿಸಬೇಕು. ಕಾಲಿಲೆ ತುಳಿಯೂ ಟ್ರೆಡಲ್ ಮಷೀನು ಒಂದ ಸವನ ನಡದೈತಿ, ನನ್ನ ಮೊಣಕಾಲು ನಡ್ಯಾಕ ವಲ್ಲೆ ಅಂತಾವು. ನಿನ್ನ ತಮ್ಮ ತೌಸಿಫ ಮುಂದಿನ ಅಂಗಡ್ಯಾಗ ಕಂಪ್ಯೂಟರ ಮುಂದ ಕೂತು ಫ್ಲೆಕ್ಸ್ ಮಾಡಕೋತ ನಗತಾನ. ಆ ಸೀಸದ ಅಕ್ಷರದ ಮೊಳಿಗೋಳನ್ನ ಗುಜರಿಗೆ ಹಾಕು ಅಬ್ಬಾ, ಅಕ್ಕಾನ ಶಬ್ದ ಎಲ್ಲಾ ಹತ್ತು ಮಿನಿಟಿನ್ಯಾಗ ಪ್ರಿಂಟ್ ತಗದು ಕೊಡ್ತೇನಿ ಅಂತಾನ. ನಾ ಕೇಳಂಗಿಲ್ಲ. ನಿನ್ನ ಶಬ್ದಗೋಳು ನನ್ನ ಕೈಯಿಂದನ ಆಗಬೇಕು, ಅದರಾಗ ಯಾರೂ ಅಡ್ಡ ಬರೂದು ಬ್ಯಾಡ.

ಆದ್ರ ಕೆಲಸ ಹಗರ ಐತಿ ಅಂದ್ಕೋಬ್ಯಾಡ. ನಮ್ಮ ಪ್ರೆಸ್ಸಿನ್ಯಾಗ ಇಂಗ್ಲಿಷ್ ಅಕ್ಷರದ ಮೊಳಿ ಇಟ್ಟದ್ದ ವರನ ಡಿಗ್ರಿ ಹಾಕಾಕ. ಬಿ.ಎ., ಬಿ.ಇಡಿ., ಭಾಳ ಆತಂದ್ರ ಎಂ.ಬಿ.ಬಿ.ಎಸ್. ‘ಇ’ ಅನ್ನೂ ಅಕ್ಷರದ್ದು ಬರೇ ಹನ್ನೊಂದು ಮೊಳಿ ಅದಾವು, ನಿನ್ನ ಶಬ್ದಗೋಳು ಅವನ್ನ ಹುರದ ಶೇಂಗಾ ತಿಂದಂಗ ತಿಂದು ಮುಗಸ್ತಾವು. ಮೂರು ಶಬ್ದ ಜೋಡಸೂದು, ಛಾಪಿಸೂದು, ಬಿಚ್ಚೂದು, ಮತ್ತ ಮೂರು ಜೋಡಸೂದು. ಉಳದ ಲಗ್ನಪತ್ರಿಕಿ ಹಿಂದ ಖಾಲಿ ಇರತೈತಲ್ಲ, ಅಲ್ಲೆ ಛಾಪಿಸಿ ಈ ಸಲ ನೂರಾ ಇಪ್ಪತ್ತು ಕಾರ್ಡು ಮಾಡೀನಿ.

ನಿಮ್ಮ ಇಂಗ್ಲಿಷ್ ಕ್ಲಾಸಿನ ಸಂಗಮೇಶ ಸರ್ ಹೇಳಿದ್ದು ನಾ ಮರತಿಲ್ಲ. ಈ ಹುಡುಗಿ ವಿಚಾರ ದೊಡ್ಡವರದು, ಶಬ್ದ ಸಣ್ಣ ಮಕ್ಕಳದು, ಗುಡ್ಡು ಬ್ಯಾಡು ಬಿಗ್ಗು ಸ್ಮಾಲು ಇಷ್ಟರಾಗ ಎಲ್ಲಾ ಮುಗಸ್ತಾಳ, ಅದಕ್ಕ ಪರೀಕ್ಷಾದ ಬರವಣಿಗ್ಯಾಗ ಎರಡು ಸಲಾನೂ ಅರ್ಧ ಪಾಯಿಂಟ್ ಕಡಿಮಿ ಬಿದ್ದೈತಿ ಅಂದಿದ್ರಲ್ಲ. ಬರೇ ಶಬ್ದ ಬಾಯಿಪಾಠ ಮಾಡಿದ್ರ ಉಪಯೋಗಿಲ್ಲ, ಅದು ಯಾವ ಶಬ್ದದ ಜೋಡಿ ಕೂಡತೈತಿ ಅನ್ನೂದನ್ನೂ ಕಲೀಬೇಕು ಅಂದಿದ್ರು. ‘ರೇನ್’ ಮುಂದ ‘ಹೆವಿ’ ಬರತೈತಿ, ‘ಎವಿಡೆನ್ಸ್’ ಮುಂದ ‘ಹೆವಿ’ ಬರಂಗಿಲ್ಲ, ಅಲ್ಲಿ ‘ಸ್ಟ್ರಾಂಗ್’ ಬೇಕು. ನೀ ಇದನ್ನ ಹೇಳಿದಾಗ ನಾ ನಕ್ಕು, ಹಂಗಾದ್ರ ಶಬ್ದಕ್ಕೂ ಬೀಗರಿರತಾರ ಅನ್ನು ಅಂದಿದ್ನಿ. ಮೂವತ್ತೈದು ವರ್ಷ ಬೀಗರ ಹೆಸರು ಜೋಡಿಸಿದಾಂವ ನಾ, ಇದೊಂದು ನನಗ ಲಗೂನ ತಿಳೀತು. ಅದಕ್ಕ ಪ್ರತಿ ಕಾರ್ಡಿನ್ಯಾಗ ಶಬ್ದ, ಅದರ ಕೆಳಗ ಕನ್ನಡದಾಗ ಅರ್ಥ, ಅದರ ಕೆಳಗ ಅದರ ಬೀಗರು ಅದಾರ.

ಈಗ ನಾ ಮಾಡಿದ ಒಂದು ಘನಂದಾರಿ ಕೆಲಸ ಹೇಳ್ತೇನಿ, ಕೇಳು. ಸಾಲೋಟಗಿ ಬಸಂತರಾಯರ ಮಗನ ಲಗ್ನದ ಪತ್ರಿಕಿ ನಮ್ಮಲ್ಲೇ ಛಾಪಿಸಿದ್ರು. ಅದರಾಗ ಹೆಚ್ಚಿಗಿ ಬಿದ್ದ ಮೂವತ್ತು ಹಾಳಿ ಹಿಂದ ನಿನ್ನ ಶಬ್ದ ಹಾಕಿ, ಮಸಿ ಒಣಗಲಿ ಅಂತ ಅವರ ಗಂಟಿನ ಮ್ಯಾಲೇ ಇಟ್ಟಿದ್ನಿ. ನಿಮ್ಮಮ್ಮಿ ಅವನ್ನೂ ಕೂಡಿಸಿ ದಾರ ಕಟ್ಟಿ ಕೊಟ್ಟಬಿಟ್ಟಳು. ಮೂವತ್ತೂ ಬಸಂತರಾಯರ ಹೆಂಡ್ತಿ ತವರೂರು ಹಲಸಂಗಿ ಬೀಗರ ಕಡೆ ಹೋದವು. ವರನ ಸ್ವಾದರಮಾವನ ಪತ್ರಿಕಿ ಹಿಂದ ಯಾವ ಶಬ್ದ ಬರಬೇಕು? ‘ಡಿಕ್ಲೈನ್’. ಕೆಳಗ ನಾನ ಕನ್ನಡದಾಗ ‘ಇಳಿಯೂದು, ಕಡಿಮಿ ಆಗೂದು’ ಅಂತ ಛಾಪಿಸೀನಿ. ನನ್ನ ಮಾನ ಇಳಿಸ್ಯಾರ, ನಾ ಲಗ್ನಕ್ಕ ಬರಂಗಿಲ್ಲ ಅಂತ ಅಂವ ಹಟ ಹಿಡದ.

ಬಸಂತರಾಯರು ಗಾಡಿ ಮ್ಯಾಲೆ ಬಂದು ನನ್ನ ಕೂಡಿಸ್ಕೊಂಡು ಹಲಸಂಗಿಗೇ ಒಯ್ದ್ರು. ತಲೀ ತಗ್ಗಿಸಿ ಎಲ್ಲಾ ಹೇಳಿದ್ನಿ. ನನ್ನ ಮಗಳು ನರ್ಸ್ ಅದಾಳ್ರಿ, ಆಯರ್ಲೆಂಡಿನ ಆಸ್ಪತ್ರ್ಯಾಗ ಹಸುಗೂಸು ನೋಡಿಕೊಳ್ಳೂ ಕೆಲಸ ಕಲಿಬೇಕಂತಾಳ್ರಿ, ಅದಕ್ಕ ಮೊದಲ ಇಂಗ್ಲಿಷ್ ಪರೀಕ್ಷಾ ಪಾಸ್ ಆಗಬೇಕ್ರಿ, ಇವು ಆಕಿ ಶಬ್ದಗೋಳ್ರಿ ಅಂದ್ನಿ. ಆ ಮಾವ ಬಿದ್ದು ಬಿದ್ದು ನಕ್ಕ. ಮುಂದಿಂದು ಕೇಳು. ಲಗ್ನದ ದಿವಸ ಹಲಸಂಗಿ ಮಂದಿ ಅಕ್ಷತಾ ಹಾಕಿ, ಊಟಾ ಮಾಡಿ, ಒಬ್ಬೊಬ್ಬರ ನನ್ನ ಹುಡಿಕ್ಯಾಡಿ ಬಂದು ಕಾರ್ಡು ವಾಪಸ್ ಕೊಟ್ರು. ರುಕ್ಮವ್ವ ಅನ್ನೂ ಮುದುಕಿ ತನ್ನದನ್ನ ಸೀರಿ ಸೆರಗಿನ್ಯಾಗ ಕಟ್ಕೊಂಡು ಬಂದಿದ್ದಳು. ಇದು ಇಲ್ಲಂದ್ರ ನಿನ್ನ ಮಗಳಿಗೆ ಒಂದು ಮಾರ್ಕು ಕಡಿಮಿ ಬೀಳತಿತ್ತಲ್ಲೋ ಯಪ್ಪಾ ಅಂದಳು. ಮೂವತ್ತಕ್ಕ ಮೂವತ್ತೂ ಬಂದಾವು. ಕೆಲವಕ್ಕ ಅರಿಷಿಣ ಹತ್ತೈತಿ, ಒಂದಕ್ಕ ಹುಗ್ಗಿ ತುಪ್ಪ ಹತ್ತೈತಿ. ಅವನ್ನ ಬದಲಿ ಮಾಡಿಲ್ಲ, ಹಂಗ ಕಳಸಾಕತ್ತೇನಿ.

ಇದನ್ನ ಹೇಳಿ ನಿನ್ನ ನಗಸಬೇಕು ಅಂತ ಶುಕ್ರವಾರ ಫೋನ್ ಹಚ್ಚಿದ್ನಿ. ನಾ ಹೇಳೂ ಮೊದಲ ನೀನ ಶುರು ಮಾಡಿದಿ. ಮೂವತ್ತೊಂದನೇ ತಾರೀಖಿನ ಪರೀಕ್ಷಾ ರದ್ದು ಮಾಡ್ತೇನಿ ಅಬ್ಬಾ, ಇನ್ನ ಸಾಕು ಅಂದಿ. ನಾ ಯಾಕವಾ ಅಂದ್ನಿ. ‘ನನಗ ಇಂಗ್ಲಿಷ್ ಬರೂದಲ್ಲ ಬಿಡು. ಆರು ವರ್ಷದಾಕಿ ಇದ್ದಾಗನ ಫೇಲಾದಾಕಿ ನಾ’ ಅಂದಿ. ಅಳೂ ಧ್ವನಿ ಇದ್ದಿದ್ದಿಲ್ಲ, ಲೈಟ್ ಬಿಲ್ ಬಂತು ಅಂತ ಹೇಳಿದಂಗ ಹೇಳಿದಿ. ನಾ ಸುಮ್ಮನಾಗಿದ್ದಕ್ಕ ಲೈನ್ ಕಟ್ ಆತು ಅಂತ ತಿಳಕೊಂಡು ಇಟ್ಟಿ. ಲೈನ್ ಇತ್ತು ಬೇಟಿ. ನಾನ ಮಾತಾಡಲಿಲ್ಲ.

ಆವತ್ತಿನಿಂದ ನನಗ ಯಾವ ಕೆಲಸದಾಗೂ ಮನಸ್ಸಿಲ್ಲ. ನಿನ್ನೆ ವಧೂನ ಜಾಗಾದಾಗ ವರನ ಹೆಸರು ಜೋಡಿಸಿದ್ನಿ, ಪುಣ್ಯಾಕ್ಕ ತೌಸಿಫ ನೋಡಿದ. ನಿಮ್ಮಮ್ಮಿ ನನ್ನ ಜೋಡಿ ಮಾತು ಬಿಟ್ಟಾಳ. ತಾಟು ಮುಂದ ಇಡತಾಳ, ಹೋಗತಾಳ. ಆಕಿ ಸಿಟ್ಟು ಖರೇನ ಐತಿ.

ರದ್ದು ಮಾಡಾಕ ಇನ್ನೂ ನಾಕು ದಿವಸ ಅವಕಾಶ ಐತಿ ಅಂತ ತೌಸಿಫ ಹೇಳಿದ. ನಾಳೆ ಮುಂಜಾನೆ ಮುದ್ದೇಬಿಹಾಳ ಬಸ್ಸಿನ ಕಂಡಕ್ಟರನ ಕೈಯಾಗ ಈ ಗಂಟು ಕೊಡ್ತೇನಿ, ಸ್ಟ್ಯಾಂಡಿಗೆ ಹೋಗಿ ಇಸ್ಕೋ. ನಿಮ್ಮಮ್ಮಿ ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ ಕಟ್ಯಾಳ. ಮೊದಲ ಉಣ್ಣು, ಆಮ್ಯಾಲೆ ಏನು ಮಾಡಬೇಕು ಅನ್ನೂದನ್ನ ವಿಚಾರ ಮಾಡು. ಮ್ಯಾಲಿನ ಮಾಲಕ ನಿನ್ನ ಕೈಗೆ ಬರಕತ್ ಕೊಡಲಿ, ನೀ ಹಿಡದ ಕೂಸುಗೋಳೆಲ್ಲಾ ಗಟ್ಟಿ ಆಗಿ ಬೆಳೀಲಿ.

ಇಂತಿ ನಿನ್ನ ಅಬ್ಬಾ
ದಸ್ತಗೀರಸಾಬ

ತಾ.ಕ.: ಲಕೋಟಿ ಅಂಟಸಾಕ ಕೂತಾಗ ನಿಮ್ಮಮ್ಮಿ ಬಂದು, ‘ಅದನ್ನ ಬರದ್ರಿ?’ ಅಂದಳು. ಇಲ್ಲ ಅಂದ್ನಿ. ‘ಶುಕ್ರವಾರ ರಾತ್ರಿ ನನ್ನ ಮುಂದ ಹೇಳಿದ್ದು ಯಾತಕ್ಕ ಬಂತು? ಆಕಿಗೆ ಬರೀರಿ’ ಅಂದು, ಪೆನ್ನು ಮತ್ತ ಕೈಯಾಗ ಕೊಟ್ಟಳು. ಬರೀತೇನಿ.

ನಿನಗ ಆರು ವರ್ಷ, ತೌಸಿಫಗ ಐದು. ಹೊಸಾ ಇಂಗ್ಲಿಷ್ ಸಾಲಿಗೆ ಇಬ್ಬರನ್ನೂ ಸೈಕಲ್ ಮ್ಯಾಲೆ ಒಯ್ದಿದ್ನಿ. ಅಲ್ಲಿ ಮೇಡಮ್ಮು ಚಿತ್ರ ತೋರಿಸಿ ಕೇಳಿದ್ರು. ನೀ ಎಲ್ಲಾ ಹೇಳಿದಿ, ತೌಸಿಫ ನನ್ನ ಅಂಗಿ ಹಿಡಕೊಂಡು ಅತ್ತ. ಹುಡುಗೀನ ಈ ವರ್ಷ ತಗೋತೀವಿ, ಹುಡುಗ ಸಣ್ಣಾಂವ, ಬರೂ ವರ್ಷ ನೋಡೂಣು ಅಂದ್ರು ಅವರು. ನನ್ನ ಕಡೆ ಒಬ್ಬರನ್ನ ಕಲಿಸೂ ಅಷ್ಟ ತಾಕತ್ತಿತ್ತು. ಹುಡುಗಿ ನಾಳೆ ಇನ್ನೊಬ್ಬರ ಮನಿಗೆ ಹೋಗಾಕಿ ಅಂದ್ಕೊಂಡ್ನಿ. ನಿನ್ನ ಹೊರಗ ನಿಂದರಿಸಿ, ಅವರ ಕೈಕಾಲು ಬಿದ್ದು ತೌಸಿಫನ ಹೆಸರು ಬರಸಿದ್ನಿ.

ಹೊರಗ ಬಂದಾಗ ನೀ, ‘ಅಬ್ಬಾ, ನಾ ಪಾಸಾದ್ನಿ?’ ಅಂತ ಕೇಳಿದಿ. ‘ಇಲ್ಲವಾ, ಫೇಲಾದಿ’ ಅಂದ್ನಿ. ‘ಎಷ್ಟು ತಪ್ಪಿದವು?’ ಅಂದಿ. ‘ಎರಡು’ ಅಂದ್ನಿ. ಆ ವಾರಪೂರ್ತಿ ನೀ ಚಿತ್ರದ ಪುಸ್ತಕ ಹಿಡಕೊಂಡು ಆ ಎರಡು ಯಾವು ಅಂತ ಹುಡುಕಿದಿ. ನಾ ನೋಡಕೋತ ಮಷೀನ್ ತುಳದ್ನಿ.

ತೌಸಿಫನ ಮ್ಯಾಲೆ ಸಿಟ್ಟು ಮಾಡಬ್ಯಾಡ, ಅವಗೇನೂ ಗೊತ್ತಿದ್ದಿಲ್ಲ. ನಿನ್ನೆನ ಅವನ ಮುಂದ ಹೇಳೀನಿ, ಶಟರ್ ಎಳಕೊಂಡು ಒಳಗ ಕೂತಬಿಟ್ಟ. ಪರೀಕ್ಷಾಕ್ಕ ಹೋಗೂದು ಬಿಡೂದು ನಿನಗ ಬಿಟ್ಟಿದ್ದು. ನನ್ನ ಮಾಫ್ ಮಾಡೂದು ಬಿಡೂದೂ ನಿನಗ ಬಿಟ್ಟಿದ್ದು. ಆದ್ರ ಫೇಲಾದಾಕಿ ಅಂತ ಮಾತ್ರ ಇನ್ನ ಅನಬ್ಯಾಡ. ಆವತ್ತು ನಿನ್ನ ಒಂದ ಉತ್ತರಾನೂ ತಪ್ಪಿದ್ದಿಲ್ಲ.