ನೂರೆರಡು ಅಡಿ ನೀರಿನ ವಿಷಯವಾಗಿ ವಸುಮತಿ ಅಕ್ಕನವರಿಗೆ

ಹೊಳೆಮಡು, ಫೆಬ್ರವರಿ ಮೂವತ್ತು, ೨೨೧೪

ವಸುಮತಿ ಅಕ್ಕನವರಿಗೆ ಮಾದೇವಿಯ ನಮಸ್ಕಾರಗಳು.

ತಾರೀಖು ನೋಡಿ ನಗಬೇಡಿ, ನಮ್ಮಲ್ಲಿ ಫೆಬ್ರವರಿಗೂ ಮೂವತ್ತು ದಿನ ಕೊಟ್ಟು ಬಹಳ ಕಾಲವಾಯಿತು. ನಿಮ್ಮ ಕಾಲದ ಕನ್ನಡವನ್ನು ಕಲಿತು ಬರೆಯುತ್ತಿದ್ದೇನೆ, ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ.

ನೀವು ಡೇಟಾಬೇಸ್ ಎನ್ನುವುದನ್ನು ನಾವು ಕಣಜ ಎನ್ನುತ್ತೇವೆ. ಕಣಜಕ್ಕೆ ಕೇಳುವ ಪ್ರತಿ ಪ್ರಶ್ನೆಯನ್ನೂ ಮೊದಲು ಒರೆಕಟ್ಟೆಗೆ ಒಯ್ಯಬೇಕು. ಬೆಳಗಿನ ಗಂಜಿ ಕುಡಿದು ಅಲ್ಲಿ ಕೂತವರು, ಪ್ರಶ್ನೆ ಓಡುವ ಮೊದಲೇ, ಅಂಕಿ ಇರಬೇಕಾದಲ್ಲಿ ಅಂಕಿ, ಹೆಸರು ಇರಬೇಕಾದಲ್ಲಿ ಹೆಸರು ಇದೆಯೇ ಎಂದು ಯಂತ್ರದಲ್ಲಿ ಒರೆ ಹಚ್ಚಿ ನೋಡುತ್ತಾರೆ. ಒಪ್ಪಿಗೆಯಾದರೆ ತಂದವರ ಕೈಗೆ ಒಂದು ಚೂರು ಬೆಲ್ಲ. ಮದುವೆಗೆ ಮುಂಚೆ ಜಾತಕ ಕೂಡಿಸುತ್ತಿದ್ದ ನಿಮ್ಮ ಕಾಲದವರು ಇದೊಂದನ್ನು ಕೂಡಿಸಿ ನೋಡಲಿಲ್ಲವಲ್ಲ ಎಂದು ಕಟ್ಟೆಯ ಮೇಲೆ ತಮಾಷೆ ಮಾಡುವುದುಂಟು. ಆದರೆ ನಮ್ಮದೂ ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಕಥೆಯೇ. ಈ ಕಟ್ಟೆ ಬಂದದ್ದು ಹೋದ ಮಳೆಗಾಲದ ನಂತರ.

ನಮ್ಮೂರ ಮೇಲಿನ ಅಣೆಕಟ್ಟಿನ ಗೇಟನ್ನು ಅಲ್ಲಿಯವರೆಗೂ ಕಾಯುತ್ತಿದ್ದದ್ದು ಸುಮಾರು ಇನ್ನೂರು ವರ್ಷಗಳ ಹಿಂದೆ ನೀವು ಬರೆದ ಪ್ರಶ್ನೆ. ನೀರು ತೊಂಬತ್ತೈದು ಅಡಿ ದಾಟಿತೇ ಎಂದು ಅದು ಕಣಜವನ್ನು ಕೇಳುತ್ತಿತ್ತು. ದಾಟಿದರೆ ಗೇಟು ತಾನಾಗಿ ತೆರೆಯುತ್ತಿತ್ತು. ನೀರಿನ ಮಟ್ಟವನ್ನು ನೀವು ಅಂಕಿಯಾಗಿ ಇಡದೆ ಬರಿಯ ಅಕ್ಷರಗಳಾಗಿ ಇಟ್ಟಿದ್ದಿರಿ. ನಿಮ್ಮ ಪ್ರೋಗ್ರಾಮಿನ ಭಾಷೆ ಅದನ್ನು ಓಡುವ ಮುಂಚೆ ವಿಚಾರಿಸಲಿಲ್ಲ, ಓಡುವಾಗಲೂ ಬಾಯಿ ಬಿಡಲಿಲ್ಲ. ನೀರು ನೂರು ಮುಟ್ಟುವ ಮೊದಲೇ ಗೇಟು ತೆರೆಯುತ್ತಿದ್ದರಿಂದ ಎಷ್ಟೋ ತಲೆಮಾರು ಎಲ್ಲ ಸರಿಯಾಗಿಯೇ ನಡೆಯಿತು. ಹೋದ ಮಳೆಗಾಲದ ಒಂದು ಮಧ್ಯಾಹ್ನ ಮಾತ್ರ ಆಕಾಶವೇ ಹರಿದ ಹಾಗೆ ಮಳೆ ಸುರಿದು, ಒಂದು ಅಳತೆಗೂ ಮುಂದಿನ ಅಳತೆಗೂ ನಡುವೆ, ತೊಂಬತ್ತೈದರ ಕೆಳಗಿದ್ದ ನೀರು ನೇರ ನೂರೆರಡಕ್ಕೆ ಏರಿತು. ಅಕ್ಷರ ಓದುವ ಕಣಜಕ್ಕೆ ಒಂದರಿಂದ ಶುರುವಾಗುವ 102, ಒಂಬತ್ತರಿಂದ ಶುರುವಾಗುವ 95ಕ್ಕಿಂತ ಚಿಕ್ಕದು. ಗೇಟು ತೆರೆಯಲಿಲ್ಲ. ಕೈಯಿಂದ ತೆರೆಯಲು ನನ್ನ ಗಂಡ ಹನುಮೇಶ ಓಡಿದರು. ತೆರೆದರು ಕೂಡ. ಊರು ಉಳಿಯಿತು, ಅವರು ಮರಳಿ ಬರಲಿಲ್ಲ.

ಶಾಪ ಹಾಕಲು ಬರೆಯುತ್ತಿಲ್ಲ ಅಕ್ಕ. ಯಾರೋ ನಿಮ್ಮ ಬೆನ್ನ ಹಿಂದೆ ನಿಂತು ಅವಸರ ಮಾಡಿರಬೇಕು. ನಡೆಯುತ್ತಿದೆಯಲ್ಲ ಎಂದು ಮುಟ್ಟದೆ ಬಿಟ್ಟವರು ನಾವೂ ತಾನೇ. ಮೊದಮೊದಲು ನಿಮ್ಮ ಮೇಲೆ ಬಹಳ ಸಿಟ್ಟಿತ್ತು, ಸುಳ್ಳು ಹೇಳುವುದಿಲ್ಲ. ಮಗಳು ಚಿಗುರಿ ಒಂದು ದಿನ, "ಅವ್ವಾ, ಪಾಪ, ಅವರಿಗೆ ಹೇಳೋರು ಯಾರೂ ಇರಲಿಲ್ವಾ?" ಅಂದಳು. ಅದಕ್ಕೇ ನಾನು ಹೇಳುತ್ತಿದ್ದೇನೆ.

ಇವತ್ತು ಮನೆಗೆ ಹೊರಡುವ ಮುಂಚೆ, ನೀರಿನ ಮಟ್ಟ ಅಂಕಿಯೇ ಆಗಿರಬೇಕು ಎಂದು ಬರೆದಿಡಿ. ಪ್ರಶ್ನೆ ಓಡುವ ಮೊದಲೇ ಒರೆ ಹಚ್ಚುವ ಸಲಕರಣೆ ನಿಮ್ಮ ಕಾಲದಲ್ಲೂ ಇದೆಯಂತೆ, ನಿಮ್ಮ ಪ್ರಶ್ನೆಯನ್ನು ಒಮ್ಮೆ ಅದಕ್ಕೆ ತೋರಿಸಿ. ನೀವು ಹಾಗೆ ಮಾಡಿದರೆ ನಾನು ಈ ಪತ್ರ ಬರೆಯುವುದೇ ಇಲ್ಲ, ನಮ್ಮಿಬ್ಬರ ಪರಿಚಯವೂ ಆಗುವುದಿಲ್ಲ. ಬೇಜಾರು ಮಾಡಿಕೊಳ್ಳಬೇಡಿ. ಆ ಹೊತ್ತಿಗೆ ನಾನು ಅವರಿಗೆ ಊಟ ಬಡಿಸುತ್ತಿರುತ್ತೇನೆ.

ಮಾದೇವಿ