ಅಮ್ಮನ ಹಿಡಿಯಕ್ಕಿ ಡಬ್ಬ

ಸುಗುಣಕ್ಕ,

ನಾಳೆಯ ಮಹಿಳಾ ಸಮ್ಮೇಳನಕ್ಕೆ ತರಕಾರಿ ಹೆಚ್ಚಲು ಚರ್ಚಿಗೆ ಹೊರಟೆ. ಬಸ್ಸಾರು ಒಲೆಯ ಮೇಲಿದೆ, ಬಿಸಿ ಮಾಡದೆ ತಿನ್ನಬೇಡ.

ಅಮ್ಮನ ಹಿಡಿಯಕ್ಕಿ ಡಬ್ಬ ಮೇಜಿನ ಮೇಲಿಟ್ಟಿದ್ದೇನೆ. ಅಮ್ಮ ಹೋದಮೇಲೆ ನೀನು ಅದನ್ನು ಅಟ್ಟಕ್ಕೆ ಹಾಕಿದ್ದೆ. ನಾನು ಇಳಿಸಿಕೊಂಡು, ಅನ್ನಕ್ಕಿಡುವಾಗಲೆಲ್ಲ ಅವಳ ಹಾಗೆಯೇ ಒಂದು ಹಿಡಿ ಹಾಕುತ್ತಾ ಬಂದೆ. "ಮೊದಲ ಹಿಡಿ ಇಲ್ಲದೋರಿಗೆ ಕಣ್ರೇ, ಆಮೇಲೆ ನಮ್ಗೆ" ಅನ್ನುತ್ತಿದ್ದಳಲ್ಲ. ಈಗ ತುಂಬಿದೆ. ನಾಳೆ ಎಲ್ಲರ ಅಕ್ಕಿಯನ್ನೂ ಒಟ್ಟಿಗೆ ಸುರಿದು ಅನಾಥಾಲಯಕ್ಕೆ ಕೊಡುತ್ತಾರೆ.

ಡಬ್ಬ ನೀನೇ ತಾ. ಅಮ್ಮನ ಮಣ್ಣಾದ ಮೇಲೆ ನೀನು ಚರ್ಚಿಗೆ ಬಂದಿಲ್ಲ, ಯಾಕೆಂದು ಕೇಳುವುದಿಲ್ಲ. ಅವಳು ಮಾಡುತ್ತಿದ್ದ ಆರಂಭದ ಪ್ರಾರ್ಥನೆಯನ್ನು ಈ ಸಲ ನನಗೆ ಒಪ್ಪಿಸಿದ್ದಾರೆ. ಅಷ್ಟು ಹೆಂಗಸರ ಮುಂದೆ "ಸಹೋದರಿಯರೇ" ಎನ್ನಲು ನನಗೆ ಬಾಯಿ ಬರುವುದಿಲ್ಲ.

ಅವಳ ಬೆಂಚಿನಲ್ಲಿ ನೀನು ಕೂತಿರು. ನಿನ್ನ ಮುಖ ನೋಡಿಕೊಂಡು ಶುರು ಮಾಡುತ್ತೇನೆ.

ರೂತ್