ಮಣಿಗುಂಬಳದ ಬೀಜ

ಜೂನ್ 18, 2023. ಭಾನುವಾರ

ಕುಂಬಳ ಬೀಜದ ಮತ್ತೆರಡು ಪಾಕೀಟು ಬಂದವು. ಬಟರ್‌ನಟ್ ಒಂದು, ಜಪಾನಿ ಒಂದು. ಹೋದ ವಾರದ ಏಕಾರ್ನ್ ಆಗಲೇ ಮೊಳಕಿ ಒಡದೈತಿ. ನನ್ನ ಹೆಂಡ್ತಿ ರಜಿನಿ ಬಟರ್‌ನಟ್ ಚಿತ್ರ ನೋಡಿ, "ಇದು ಕುಂಬಳಕಾಯೇನ್ರೀ, ಸೋರಿಕಾಯೇನ್ರೀ?" ಅಂತ ನಕ್ಕಳು.

ನಗಲಿ. ಹದಿನಾಲ್ಕು ವರ್ಷ ಮಕ್ತಲ್ ಸ್ಕೂಲಿನ್ಯಾಗ ಜೀವಶಾಸ್ತ್ರ ಹೇಳೀನಿ. ಕುಂಬಳದಾಗ ಎರಡೇ ಗೊತ್ತಿದ್ದವು — ಸಿಹಿ, ಬೂದು. ಈಗ ನೋಟ್‌ಬುಕ್ ಇಟ್ಟೀನಿ. ಮನಿ ಹಿಂದಿನ ಐದು ಗುಂಟೆ ಪೂರಾ ಕುಂಬಳಕ್ಕ.

ಜೂನ್ 25

ಗಟ್ಟು ಊರಿಗೆ ಹೋಗಿದ್ದೆ, ಹಣಮಮ್ಮಕ್ಕನ ಮನಿಗೆ. ಅವ್ವ ಹಾಕ್ತಿದ್ದ ಮಣಿಗುಂಬಳ ಈಗ ಅಕ್ಕನ ಹತ್ರ ಮಾತ್ರ ಐತಿ. ಕುಂಡರೋ ಮಣಿ ಹಂಗ ಚಪ್ಪಟಿ, ಬೂದಿ ಹಸರು, ಒಳಗ ಅರಿಶಿಣ. ದೀಪಾವಳಿಗೆ ಕೊಯ್ದ್ರ ಮುಂದಿನ ಮಳಿತನ ಕೆಡಲ್ಲ.

ಹೋದ ವರ್ಷ ಬಳ್ಳಿ ಒಣಗಿ, ಉಳದಿದ್ದು ಮೂವತ್ತೊಂದು ಬೀಜ. "ಅರ್ಧ ಒಯ್ಯೋ ತಮ್ಮ. ಅರ್ಧ ಇಲ್ಲಿರ್ಲಿ" ಅಂದ್ಲು.

"ನಿನ್ನ ಹೊಲದಾಗ ನೀರೆಲ್ಲಿ ಐತಿ? ನನ್ನ ಹತ್ರ ಬೋರ್ ಐತಿ. ಎಲ್ಲಾ ಕೊಡು. ಹತ್ತು ಪಟ್ಟು ಮಾಡಿ ತರ್ತೀನಿ. ಸೈನ್ಸ್ ಮೇಷ್ಟ್ರು ಇದ್ದೀನಿ ನಾ."

ಸ್ವಲ್ಪ ಹೊತ್ತು ಗಂಟು ಕೈಯಾಗೇ ಹಿಡಕೊಂಡಿದ್ಲು. ಆಮ್ಯಾಲ ಕೊಟ್ಲು.

ಆಗಸ್ಟ್ 27. ಬೆಳಿಗ್ಗೆ 6.30

ಹೂ! ಬಟರ್‌ನಟ್ ಸಾಲು, ಬಾಜೂಕ ಮಣಿಗುಂಬಳದ ಸಾಲು — ಎರಡೂ ಒಟ್ಟಿಗೇ ಅರಳ್ಯಾವ. ಜೇನು ಇದರಾಗಿಂದ ಅದರಾಗ, ಅದರಾಗಿಂದ ಇದರಾಗ. ಕಾಲಿಗೆಲ್ಲ ಹಳದಿ ಪುಡಿ. ವಿಡಿಯೊ ತಗದು ಸ್ಕೂಲ್ ಗ್ರೂಪಿಗೆ ಹಾಕಿದೆ. "ಪರಾಗಸ್ಪರ್ಶ, ಕಣ್ಣಾರೆ ನೋಡಿರಿ" ಅಂತ ಬರದೆ. ನಲವತ್ತು ಲೈಕ್.

ನವೆಂಬರ್ 19

ಕೊಯ್ಲು ಮುಗೀತು. ಒಂದೊಂದೂ ಕೊಯ್ದು, ಬೇಯಿಸಿ, ತಿಂದು ಬರಕೊಂಡೆ. ಏಕಾರ್ನ್ — ಮುಷ್ಟಿಯಷ್ಟು, ರುಚಿ ಸಪ್ಪಗ. ಜಪಾನಿ — ಒಣಾ ಒಣಾ, ಬೇಯಿಸಿದ ಗೆಣಸು ತಿಂದಂಗ. ರಜಿನಿಗೆ ಅದೇ ಪಸಂದ್. ನಾರಾಯಣಪೇಟಕ್ಕ ತವರಿಗೆ ಎರಡು ಕಳಸಿದ್ಲು. ಬಟರ್‌ನಟ್ — ಕುತ್ತಿಗಿ ತುಂಬ ತಿರುಳು, ಬೀಜ ಎಲ್ಲಾ ಹೊಟ್ಟ್ಯಾಗ. ಪಲ್ಯಾ ಭಾಳ ಚಲೋ.

ಮಣಿಗುಂಬಳ ಹದಿನೇಳು. ಒಂದಕ್ಕಿಂತ ಒಂದು ಚಂದ. ಅವ್ವನ ಕಾಲದ್ದೇ ಆಕಾರ, ಅದೇ ಬಣ್ಣ. ಎರಡು ಡಬ್ಬಿ ಬೀಜ ಆಗ್ಯಾವ. ಅಕ್ಕನ ಮುಂದ ಎದಿ ಉಬ್ಬಿಸಿಕೊಂಡು ಹೋಗೋದೈತಿ.

ಡಿಸೆಂಬರ್ 3

ಕೊಟ್ಟು ಬಂದೆ. ಅಕ್ಕನ ಸೊಸಿ ಅಖಿಲಾ ಬೀಜಕ್ಕ ಬೂದಿ ಸವರಿ ಡಬ್ಬಿ ಕಟ್ಟಿಟ್ಲು. ಮದುವಿಯಾಗಿ ಇನ್ನಾ ವರ್ಷ ಆಗಿಲ್ಲ, ಮನಿ ಪೂರಾ ಹೊತ್ಕೊಂಡಾಳ ಹುಡುಗಿ.

ನವೆಂಬರ್ 3, 2024

ಹೆಂಗ ಬರೀಲಿ.

ಗಟ್ಟುಕ್ಕ ಹೋದೆ. ಅಂಗಳದಾಗ ಕಾಯಿ ಸುರುವ್ಯಾರ, ಮೂವತ್ತರ ಮ್ಯಾಲ. ಚಪ್ಪಟಿ ಒಂದೂ ಇಲ್ಲ. ಕೆಲವಕ್ಕ ಕುತ್ತಿಗಿ, ಕೆಲವು ಉದ್ದಕ, ತೊಗಲು ಬಿಳಚಿ. ಅಕ್ಕ ಕೂಗಾಡಾಕ ಹತ್ತಿದ್ಲು. "ಗದ್ವಾಲ ಸಂತಿ ಕಾಯಿ ಬೀಜ ಕಲಸಿದೀಯಲ್ಲೇ! ನಮ್ಮವ್ವನ ಬೀಜ ಏನ್ ಮಾಡ್ದಿ? ಮಾರಿದ್ಯಾ, ತವರಿಗೆ ಒಯ್ದ್ಯಾ? ಕಳ್ಳಿ!"

"ಇಲ್ರೀ ಅತ್ತಿ. ಕಟ್ಟಿಟ್ಟ ಡಬ್ಬಿ ನೀವೇ ಬಿಚ್ಚಿದ್ರಿ." ಅಖಿಲಾ ಖಾಲಿ ಡಬ್ಬಿ ತಂದು ಮುಂದಿಟ್ಲು. ಓಣಿ ಹೆಣ್ಮಕ್ಕಳು ಬಾಗಿಲಿಗೆ ಬಂದು ನಿಂತಿದ್ರು.

ನಾ ಚಾ ಕುಡಕೋತ ಕುಂತಿದ್ದೆ. ಒಂದು ಕಾಯಿ ತೊಡಿ ಮ್ಯಾಲ ಇಟಗೊಂಡು ಆ ಕುತ್ತಿಗಿ ಮುಟ್ಟಿದೆ. ಬಟರ್‌ನಟ್ ಕುತ್ತಿಗಿ. ಜೇನು… ಒಮ್ಮೆಲೇ ತಿಳೀತು.

"ಹವಾ ಬದಲಾಗೈತಿ ಅಕ್ಕ, ಹಿಂಗಾಗಿರಬೇಕು" ಅಂದೆ. ಅಷ್ಟೇ ಅಂದೆ.

ನವೆಂಬರ್ 5

ಪುಸ್ತಕ ತಗದು ನೋಡಿದೆ. ಜಪಾನಿ ಬ್ಯಾರೆ ಪ್ರಭೇದ. ಏಕಾರ್ನ್ ಬ್ಯಾರೆ. ಬೂದುಗುಂಬಳ ಅಂತೂ ಸಂಬಂಧವೇ ಇಲ್ಲ. ಬಟರ್‌ನಟ್, ಮಣಿಗುಂಬಳ — ಎರಡೂ ಒಂದೇ ಪ್ರಭೇದ. ಕೂಡ್ತಾವ. ಕೂಡಿದ ವರ್ಷ ಕಾಯಿ ತಾಯಿ ಹಂಗೇ ಇರ್ತೈತಿ, ಬೆರಕಿ ಬೀಜದಾಗ ಕುಂತಿರ್ತೈತಿ. ಮರುವರ್ಷ ಹೊರಗ ಬರ್ತೈತಿ.

ಒಂದು ಹೂವಿಗೆ ದಾರ ಕಟ್ಟಿದ್ರ ಸಾಕಿತ್ತು. ಹಿಂದಿನ ಸಂಜಿ ಮೊಗ್ಗಿನ ಬಾಯಿಗೆ ಒಂದು ದಾರ, ಮುಂಜಾನೆ ಅದೇ ಸಾಲಿನ ಗಂಡು ಹೂವಿನ ಪುಡಿ ಕೈಲೇ ಸವರೂದು. ಮಕ್ಕಳಿಗೆ ಬೋರ್ಡಿನ ಮ್ಯಾಲ ಬರದು ತೋರಿಸೀನಿ ಅದನ್ನ.

ನವೆಂಬರ್ 24

ಅಕ್ಕನ ಮಗ ಸಾಯಿಕುಮಾರ್ ಫೋನ್ ಮಾಡಿದ್ದ. ಅಖಿಲಾ ಶಾಂತಿನಗರಕ್ಕ ತವರಿಗೆ ಹೋಗ್ಯಾಳ. ದಿನಾ ಅದೇ ಕಳ್ಳತನದ ಮಾತಂತ, ನೀರು ತರೋ ಕಡೆನೂ ಮಂದಿ ಕೇಳ್ತಾರಂತ.

ರಜಿನಿಗೆ ಎಲ್ಲಾ ಹೇಳಿದೆ. "ಹೋಗಿ ಹೇಳ್ರಿ" ಅಂದ್ಲು.

"ಅತ್ತಿ-ಸೊಸಿ ನಡುವ ಬ್ಯಾರೆ ಏನೋ ಇರಬೇಕು" ಅಂದೆ.

ತಾಟು ಎತಕೊಂಡು ಒಳಗ ಹೋದ್ಲು.

ಡಿಸೆಂಬರ್ 15

ಧರೂರಿಗೆ ಹೋಗಿದ್ದೆ. ಕಿಷ್ಟಮ್ಮ ಅಂತ ಅಕ್ಕನ ಗೆಳತಿ. ಹಿಂದಕ್ಕ ಎಂದೋ ಅಕ್ಕ ಆಕಿಗೆ ನಾಲ್ಕು ಬೀಜ ಕೊಟ್ಟಿದ್ಲಂತ. ಕಾಲುವಿ ಬಾಜೂಕ ಮನಿ. ಕಣ್ಣು ಹಾಯೋತನ ಭತ್ತ.

"ಜೂರಾಲ ಡ್ಯಾಮಿನ ನೀರು ಬಂತ್ರೀ ಮೇಷ್ಟ್ರೆ, ಬಳ್ಳಿ ಯಾರ್ ಹಾಕ್ತಾರ? ಕಾಯಿ ತಿಂದ್ವಿ, ಬೀಜ ಹುರಕೊಂಡು ತಿಂದ್ವಿ."

ಬಸ್ಸಿನ್ಯಾಗ ಕುಂತಾಗ ಹೊಳೀತು. ಬೀಜ ಹುಡುಕಾಕ ಹೋಗಿದ್ದಿಲ್ಲ ನಾ. ಹೇಳೂದು ತಪ್ಪಿಸಿಕೊಳ್ಳಾಕ ಹೋಗಿದ್ದೆ.

ಡಿಸೆಂಬರ್ 22

ಅಕ್ಕಗ ಹೇಳಿದೆ. ಜೇನು, ಹೂ, ಬಟರ್‌ನಟ್, ಎಲ್ಲಾ. ಸಜ್ಜಿ ಹಸನ ಮಾಡ್ತಿದ್ಲು. ಕೇರೋ ಮರ ಕೆಳಗಿಟ್ಲು.

"ಬೀಜ ಹೋದ್ರ ಹೋತು. ನಾ ಆ ಕೂಸಿಗೆ ಕಳ್ಳಿ ಅಂದೆನಲ್ಲೋ ಶ್ರೀನಾಥ. ಮಂದಿ ಮುಂದ ಅಂದೆ." ನನ್ನ ಕಡೆ ತಿರುಗಿ — "ಯಾವತ್ತು ತಿಳೀತು ನಿನಗ?"

"ಅವತ್ತೇ."

ಬಯ್ಯತಾಳ ಅಂದ್ಕೊಂಡಿದ್ದೆ. ಬಯ್ಯಲಿಲ್ಲ. "ಮೊದಲ ನೀ ಹೋಗು ಆಕಿ ಹತ್ರ" ಅಂದ್ಲು. ಊಟಕ್ಕ ಏಳು ಅನ್ನಲಿಲ್ಲ.

ಡಿಸೆಂಬರ್ 29

ಶಾಂತಿನಗರ. ಅಖಿಲಾನ ಅಪ್ಪ ಕುರ್ಚಿ ಹಾಕಿದ್ರು. ಕುಂಡರಲಿಲ್ಲ. ನಿಂತೇ ಹೇಳಿದೆ, ಅವರ ಮುಂದನೇ.

ಅಖಿಲಾ ಪೂರಾ ಕೇಳಿದ್ಲು. ಆಮ್ಯಾಲ — "ಅತ್ತಿಗೆ ಗೊತ್ತಿರಲಿಲ್ರೀ ಮಾವ, ಅದಕ್ಕ ಬೈದ್ರು. ಅದು ಮರೀತೀನ್ರಿ. ನಿಮಗ ಗೊತ್ತಿತ್ತು. ಎರಡು ತಿಂಗಳು ಗೊತ್ತಿತ್ತು."

"ತಪ್ಪಾತವ್ವ" ಅಂದೆ.

"ಹೂಂ ರೀ" ಅಂದ್ಲು. ಅಷ್ಟೇ.

ಜನವರಿ 12, 2025

ಶುಕ್ರವಾರ ಅಕ್ಕ ತಾನೇ ಶಾಂತಿನಗರಕ್ಕ ಹೋಗಿ ಕರಕೊಂಡು ಬಂದಾಳ. ಓಣಿ ಹೆಣ್ಮಕ್ಕಳನ್ನೆಲ್ಲಾ ಕರದು, ತಪ್ಪು ನಂದು, ಸೊಸಿದಲ್ಲ ಅಂದ್ಲಂತ. ನನ್ನ ಹೆಸರು ಎತ್ತಲಿಲ್ಲಂತ. ಅದು ಹೆಚ್ಚು ಚುಚ್ತು.

ಸಾಯಿಕುಮಾರ್‌ಗ ಫೋನ್ ಹಚ್ಚಿ ಕೇಳಿದೆ, ಅಖಿಲಾ ಮಾತಾಡ್ತಾಳೇನು ನೋಡಪ್ಪ ಅಂತ. ಫೋನು ಕೈ ಬದಲಾತು. ಒಲಿ ಮ್ಯಾಲ ಏನೋ ಕುದಿಯೋ ಸಪ್ಪಳ. ಮೊದಲೆಲ್ಲ "ಮಾವ, ಊಟ ಆತೇನ್ರಿ" ಅಂತಿದ್ಲು. ಇವತ್ತು ಮಾವ ಅನ್ನಲಿಲ್ಲ.

"ಹೇಳ್ರಿ" ಅಂದ್ಲು.

"ಊಟ ಆತೇನವ್ವ?" ಅಂತ ಇವತ್ತು ನಾನೇ ಕೇಳಿದೆ.